ಜಾಮೀನಿಗೆ ನಿಂತವರು

ನಮ್ಮ ಊರಿನಲ್ಲಿ ಒಬ್ಬರಿಗೆ ಜಾಮೀನು ನಿಂತರೆ ನಿಂತ ಹಾಗೇ. ಬೇರೆ ಊರುಗಳಲ್ಲಿ ಜಾಮೀನಿಗೆ ನಿಂತೆ ಅಂತ ಹೇಳಿ, ಕಾಗದಕ್ಕೆ ರುಜು ಹಾಕಿ, ಹೊರಗೆ ಬಂದು ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುತ್ತಾರಂತೆ. ಹಾಗಿದ್ದ ಮೇಲೆ ಅದಕ್ಕೆ ನಿಲ್ಲುವುದು ಅಂತ ಯಾಕನ್ನಬೇಕೋ ನನಗೆ ತಿಳಿಯದು. ನಮ್ಮಲ್ಲಿ ಮಾತು ಅಂದರೆ ಮಾತು. ಪತ್ರದ ಮೇಲೆ ಹೆಬ್ಬೆಟ್ಟು ಒತ್ತಿದ ಕ್ಷಣದಿಂದ ಮಂಡಿ ನಡೆಯುವಷ್ಟು ಬಾಗುತ್ತದೆ, ಕೂರುವಷ್ಟು ಬಾಗುವುದಿಲ್ಲ. ಬೇಕಾದರೆ ಉದ್ದಕ್ಕೆ ಮಲಗಬಹುದು. ಆರೋಪಿ ಎಷ್ಟು ದಿನ ಹೊರಗೆ ಓಡಾಡಿಕೊಂಡಿರುತ್ತಾನೋ ಅಷ್ಟು ದಿನ ಜಾಮೀನುದಾರ ನಿಂತಿರುತ್ತಾನೆ. ಹಾಗಾದರೆ ಬೆಳಗಿನ ಕೆಲಸಕ್ಕೆ ಏನು ಮಾಡುತ್ತಾರೆ ಅಂತ ಪರಊರಿನವರು ಮೊದಲು ಕೇಳುವುದೇ ಅದನ್ನು. ಅದು ಅವರವರ ಪಾಡು, ನಾನು ಹೇಳುವುದಿಲ್ಲ.

ಊರು ಇದಕ್ಕೆ ಹೊಂದಿಕೊಂಡು ಬಹಳ ಕಾಲವಾಯಿತು. ಹೋಟೆಲುಗಳಲ್ಲಿ ಎದೆಯೆತ್ತರಕ್ಕೆ ಹಲಗೆ ಹೊಡೆದಿದ್ದಾರೆ, ನಿಂತವರ ಪಂಕ್ತಿ ಅಂತ ಅದಕ್ಕೆ ಹೆಸರು. ಮದುವೆ ಮನೆಯಲ್ಲಿ ಅವರ ಎಲೆಯನ್ನು ಕಿಟಕಿಯ ಕಟ್ಟೆಯ ಮೇಲೆ ಹಾಕುತ್ತಾರೆ. ಕ್ಷೌರದವನು ಒಂದು ಏಣಿ ಇಟ್ಟುಕೊಂಡಿದ್ದಾನೆ. ಬಸ್ಸಿನಲ್ಲಿ ಅವರಿಗೆ ಅರ್ಧ ಚಾರ್ಜು, ಸೀಟು ಬೇಡವಲ್ಲ. ಹೆಣ್ಣು ಕೇಳಲು ಬಂದವರನ್ನು ಹುಡುಗ ಕೂತಿದ್ದಾನೋ ನಿಂತಿದ್ದಾನೋ ಅಂತ ಮೊದಲೇ ವಿಚಾರಿಸುತ್ತಾರೆ. ನಿಂತಿದ್ದಾನೆ ಅಂದರೆ ಎಂಥ ಕೇಸಿಗೆ ಎಂಬುದು ಮುಂದಿನ ಪ್ರಶ್ನೆ. ಕೋಳಿ ಕದ್ದ ಕೇಸಾದರೆ ಚಿಂತೆಯಿಲ್ಲ, ಆರು ತಿಂಗಳಲ್ಲಿ ಮುಗಿಯುತ್ತದೆ. ತೆರಿಗೆ ಕೇಸು ಅಂದರೋ, ಹೆಣ್ಣಿನ ತಂದೆ ತಾಂಬೂಲ ಕೊಟ್ಟು, ಕೈ ಮುಗಿದು, ಗೇಟಿನವರೆಗೂ ಬಂದು ಬಿಟ್ಟು ಹೋಗುತ್ತಾನೆ.

ನಾನು ಈ ಊರಿನ ಕೋರ್ಟಿನಲ್ಲಿ ದಫೇದಾರನಾಗಿದ್ದವನು, ರಂಗಧಾಮಯ್ಯ. ಎದೆಗೆ ಕೆಂಪು ಪಟ್ಟಿ, ತಲೆಗೆ ರುಮಾಲು, ಬಾಗಿಲಲ್ಲಿ ನಿಂತು ಹೆಸರು ಕೂಗುವ ಕೆಲಸ. ಹೊಗಳಿಕೊಂಡೆ ಅನ್ನಬೇಡಿ, ಮೂವತ್ತೊಂದು ವರ್ಷ ನಾನು ಕೂಗಿದ ಕೂಗಿಗೆ ಕೆರೆ ಆಚೆ ಬಟ್ಟೆ ಒಗೆಯುವವರು ತಲೆ ಎತ್ತಿ ನೋಡುತ್ತಿದ್ದರು. ಪ್ರತಿ ಹೆಸರನ್ನೂ ಮೂರು ಸಲ ಕೂಗಬೇಕು. ಮೂರನೆಯ ಕೂಗಿಗೂ ಆರೋಪಿ ‘ಇದ್ದೀನಿ’ ಅನ್ನದೆ ಹೋದರೆ ಜಾಮೀನು ಮುರಿಯಿತು ಅಂತ ಲೆಕ್ಕ. ಅವನ ಮೇಲೆ ವಾರಂಟು ಹೊರಡುತ್ತದೆ, ಅವನಿಗಾಗಿ ನಿಂತವರ ಮಂಡಿ ಆ ಕ್ಷಣದಲ್ಲೇ ಬಿಟ್ಟುಕೊಳ್ಳುತ್ತದೆ. ಬಡವರು ಮೊದಲ ಕೂಗಿಗೇ ಬಿದ್ದಂಬೀಳ ಓಡಿಬಂದು ಇದ್ದೀನಿ ಸ್ವಾಮಿ, ಇದ್ದೀನಿ ಸ್ವಾಮಿ ಅಂತ ನಾಲ್ಕು ಸಲ ಹೇಳುತ್ತಾರೆ. ದೊಡ್ಡ ಮನುಷ್ಯರು ಮೂರನೆಯದಕ್ಕೆ ಕಾಯುತ್ತಾರೆ. ಒಂದನೇ ಕೂಗಿಗೇ ಓಗೊಟ್ಟರೆ ಮರ್ಯಾದೆಗೆ ಕಡಿಮೆ ಅಂತ ಅವರಲ್ಲಿ ಒಂದು ಭಾವನೆ.

ಈ ದೊಡ್ಡ ಮನುಷ್ಯರಲ್ಲೆಲ್ಲ ದೊಡ್ಡವರು ಕುಬೇರಪ್ಪ ಸಾಹುಕಾರರು. ಅವರ ಮೇಲಿದ್ದದ್ದು ಕುರ್ಚಿಯ ಕೇಸು. ಇಲ್ಲದ ಅಂಗಡಿಗಳಿಂದ ಇಲ್ಲದ ನಾಲ್ಕು ಲಕ್ಷ ಕುರ್ಚಿ ಕೊಂಡ ಹಾಗೆ ಬಿಲ್ಲು ಮಾಡಿಸಿ, ಅದಕ್ಕೆ ತಾವು ಕಟ್ಟದೇ ಇದ್ದ ತೆರಿಗೆಯನ್ನು ಕಟ್ಟಿದ್ದೇನೆ ಅಂತ ಸರ್ಕಾರದಿಂದ ವಾಪಸು ಪಡೆದಿದ್ದರು. ಹನ್ನೊಂದು ಕೋಟಿ. ಇಲಾಖೆಯವರು ಗೋದಾಮು ತೆರೆಸಿ ನೋಡಿದರೆ ಒಂದು ಮುರುಕು ಸ್ಟೂಲೂ ಇರಲಿಲ್ಲ. ಹಿಡಿದು ತಂದು ಸಾಹೇಬರ ಮುಂದೆ ನಿಲ್ಲಿಸಿದರು. ನಮ್ಮ ನ್ಯಾಯಾಧೀಶರನ್ನು ನಾವೆಲ್ಲ ಸಾಹೇಬರು ಅನ್ನುತ್ತೇವೆ. ಸಾಹೇಬರಿಗೆ ತೆರಿಗೆ ವಂಚನೆ ಅಂದರೆ ಮೈ ಉರಿಯುತ್ತದೆ. ಕೊಲೆ ಒಬ್ಬನಿಗೆ ಮಾಡಿದ ಕೇಡು, ಇದು ಇಡೀ ದೇಶದ ಅನ್ನದ ತಟ್ಟೆಗೆ ಕೈ ಹಾಕಿದ ಕೇಡು, ಇಂಥವರಿಗೆ ಕನಿಕರ ತೋರಿಸಿದರೆ ನಾಳೆ ಮಕ್ಕಳು ನಮ್ಮ ಮುಖಕ್ಕೆ ಉಗಿಯುತ್ತಾರೆ ಅಂತ ಅರ್ಧ ಗಂಟೆ ಹೇಳಿದರು. ಕೇಳುತ್ತಿದ್ದ ನನಗೇ ನಾನೇನಾದರೂ ಮಾಡಿದ್ದೇನೋ ಎಂದು ಭಯವಾಯಿತು. ಆಮೇಲೆ ಸಾಹೇಬರು ನೀರು ಕುಡಿದು ‘ಆದಾಗ್ಯೂ’ ಅಂದರು. ಆ ಮಾತು ಬಿದ್ದ ತಕ್ಷಣ ಹೊರಗೆ ಸಾಹುಕಾರರ ಡ್ರೈವರು ಕಾರು ಸ್ಟಾರ್ಟ್ ಮಾಡಿದ.

ಜಾಮೀನು ಕೊಟ್ಟರು, ಆದರೆ ಅಪರಾಧ ಘೋರವಾದದ್ದರಿಂದ ಷರತ್ತೂ ಘೋರವಾಗಿಯೇ ಇರಬೇಕು ಅಂದರು. ಇಪ್ಪತ್ತೈದು ಲಕ್ಷಕ್ಕೆ ಒಬ್ಬರಂತೆ ನಲವತ್ತನಾಲ್ಕು ಜನ ನಿಲ್ಲಬೇಕು. ಸಾಹುಕಾರರು ಈ ಕಠಿಣ ಷರತ್ತಿಗೆ ತಲೆ ಬಾಗಿದರು. ಅದೇ ದಿನ ಅದೇ ಹಾಲಿನಲ್ಲಿ ಹಾಲಪ್ಪ ಅನ್ನುವವನ ಅರ್ಜಿಯೂ ಇತ್ತು, ಹಿತ್ತಾಳೆ ಚೊಂಬು ಕದ್ದವನು. ಅವನಿಗೆ ಒಬ್ಬ ನಿಂತಿದ್ದರೆ ಸಾಕಿತ್ತು. ನಿಲ್ಲುವ ಕಾಲೆಲ್ಲ ಸಾಹುಕಾರರ ಲೆಕ್ಕಕ್ಕೆ ಹೋಗಿದ್ದರಿಂದ ಒಬ್ಬನೂ ಸಿಗದೆ ಅವನನ್ನು ಒಳಗೆ ಕರೆದುಕೊಂಡು ಹೋದರು.

ಆ ನಲವತ್ತನಾಲ್ಕರಲ್ಲಿ ಸಣ್ಣೀರಪ್ಪ ಮೂವತ್ತೇಳನೆಯವನು. ಹೆಸರು ಓದಿ ಹೇಳಿದವನು ನಾನೇ, ಅದಕ್ಕೆ ನೆನಪಿದೆ. ನನ್ನ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಬೆತ್ತದ ಕುರ್ಚಿಗೆ ಹೆಣಿಗೆ ಹಾಕುವುದು ಅವನ ಕಸುಬು. ನೆಲದ ಮೇಲೆ ಕೂತು, ಕುರ್ಚಿಯ ಚೌಕಟ್ಟನ್ನು ಎರಡು ಮಂಡಿಯ ನಡುವೆ ಇರುಕಿಸಿಕೊಂಡು, ಕಾಲಿನ ಹೆಬ್ಬೆರಳಲ್ಲಿ ಬೆತ್ತ ಬಿಗಿಹಿಡಿದು ಹೆಣೆಯುತ್ತಿದ್ದ. ಅವನು ಹೆಣೆದ ಕುರ್ಚಿಯಲ್ಲಿ ತಾತ ಕೂತು, ಮೊಮ್ಮಗ ಕೂತರೂ ಒಂದು ಎಳೆ ಜಗ್ಗುತ್ತಿರಲಿಲ್ಲ. ಅಂಥವನು ಯಾಕೆ ನಿಂತ ಅಂದರೆ, ದಾಕ್ಷಿಣ್ಯ. ಸಾಹುಕಾರರು ತಾವೇ ಅವನ ಕೊಟ್ಟಿಗೆಗೆ ಬಂದು, ಆಗತಾನೆ ಹೆಣೆದು ಮುಗಿಸಿದ್ದ ಕುರ್ಚಿಯಲ್ಲಿ ಕೂತು, ಸಿಂಹಾಸನ ಕಣಯ್ಯ ಇದು ಅಂದು, ಎರಡೇ ಎರಡು ವಾಯಿದೆ ನಿಂತುಕೋ ಅಂದರು. ಅಷ್ಟು ದೊಡ್ಡವರು ಅಷ್ಟು ದೂರ ಬಂದು ಕೇಳಿದರೆ ಇಲ್ಲ ಅನ್ನಲು ಅವನ ಬಾಯಿಗೆ ಬರುವುದಿಲ್ಲ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಎಲ್ಲಿ ಹುಡುಕ್ತೀಯೋ ಅಂತ ನಾನು ಅಂದೇ ಬೈದೆ. ನಕ್ಕ.

ಎರಡು ವಾಯಿದೆ ಅಂದದ್ದು ಹದಿನಾಲ್ಕಾಯಿತು. ಒಂದು ಸಲ ಇಲಾಖೆಯವರು ಫೈಲು ತರಲಿಲ್ಲ, ಮತ್ತೊಂದು ಸಲ ಫೈಲು ತಂದರು ಬೀಗದ ಕೈ ತರಲಿಲ್ಲ. ಸಾಹುಕಾರರ ವಕೀಲ ಸೀತಾಪತಿಯವರಂತೂ ಬೆನ್ನುನೋವು ಅಂತ ಐದು ವಾಯಿದೆ ಕೇಳಿದರು. ಕೂತು ಕೂತು ಬಂದದ್ದಂತೆ. ಸಾಹುಕಾರರು ಪ್ರತಿ ವಾಯಿದೆಗೂ ತಪ್ಪದೆ ಬರುತ್ತಿದ್ದರು, ಆ ವಿಷಯದಲ್ಲಿ ದೂರುವಂತಿಲ್ಲ. ಮನೆಯಿಂದ ಒಂದು ಒರಗು ಕುರ್ಚಿ ತರಿಸಿ ಕೋರ್ಟಿನ ಜಗಲಿಯಲ್ಲಿ ಹಾಕಿಸಿಕೊಂಡು ಪೇಪರು ಓದುತ್ತಿದ್ದರು. ನಾನು ಒಂದು ಸಲ ಕೂಗಿದರೆ ಪುಟ ತಿರುಗಿಸುವರು, ಎರಡನೇ ಸಲಕ್ಕೆ ಕನ್ನಡಕ ತೆಗೆಯುವರು, ಮೂರನೆಯ ಸಲಕ್ಕೆ ಕೂತಲ್ಲಿಂದಲೇ ‘ಇದ್ದೀನಿ’ ಅನ್ನುವರು. ಬೇಸಿಗೆಯಲ್ಲಿ ನಿಂತವರಿಗೆಲ್ಲ ಮಜ್ಜಿಗೆ ಕಳಿಸುತ್ತಿದ್ದರು. ಎಷ್ಟು ಒಳ್ಳೆಯವರಪ್ಪ ಅಂತ ನಿಂತವರೇ ಮಾತಾಡಿಕೊಳ್ಳುತ್ತಿದ್ದರು.

ಸಣ್ಣೀರಪ್ಪನ ಕಸುಬು ಕೆಟ್ಟಿತು. ಚೌಕಟ್ಟನ್ನು ತೊಲೆಗೆ ತೂಗುಹಾಕಿ ನಿಂತೇ ಹೆಣೆದು ನೋಡಿದ. ಮಂಡಿಯ ಬಿಗಿ ಇಲ್ಲದೆ ಹೆಣಿಗೆ ಸಡಿಲವಾಯಿತು, ಕೂತವರು ಗುಳಿ ಬಿದ್ದ ಹಾಗೆ ಒಳಗೆ ಇಳಿಯುತ್ತಿದ್ದರು. ಅದಕ್ಕೂ ಅವನು ಗೊಣಗಲಿಲ್ಲ. ಅವನು ಕಂಗಾಲಾದದ್ದು ತಂಗಿಯ ಮಗುವಿನ ವಿಷಯದಲ್ಲಿ.

ಅವನ ತಂಗಿ ಚಿಕ್ಕತಾಯಮ್ಮ. ಅಪ್ಪ ಅಮ್ಮ ಹೋದಾಗ ಅವಳಿಗೆ ನಾಲ್ಕು ವರ್ಷ. ಇವನೇ ಜಡೆ ಹಾಕಿ, ಇವನೇ ಸ್ಕೂಲಿಗೆ ಬಿಟ್ಟು, ಇವನೇ ಮದುವೆ ಮಾಡಿದ. ಅಷ್ಟು ಹೊತ್ತಿಗೆ ಇವನ ಮದುವೆಯ ವಯಸ್ಸು ದಾಟಿತ್ತು. ಅವಳ ಗಂಡ ಲಾರಿಯವನು, ಮನೆಗೆ ಬರುವುದು ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ. ಅವಳಿಗೆ ಹುಟ್ಟಿದ ಎರಡು ಮಕ್ಕಳು ಕಿವಿ ಚುಚ್ಚುವ ಮುಂಚೆಯೇ ಕೈಬಿಟ್ಟು ಹೋಗಿದ್ದವು. ಮೂರನೆಯದು ಹೆಣ್ಣು, ಅಣ್ಣ ಹೆಬ್ಬೆಟ್ಟು ಒತ್ತಿದ ಎರಡು ತಿಂಗಳಿಗೆ ಹುಟ್ಟಿತು. ಕಿವಿ ಒಂದು ಚುಚ್ಚಿಬಿಟ್ಟರೆ ಈ ಮಗು ನಿಲ್ಲುತ್ತದೆ ಅಂತ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಕಿವಿ ಚುಚ್ಚುವುದು ಅಂದರೆ ಗೊತ್ತಲ್ಲ, ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಚುಚ್ಚಬೇಕು. ಏಳನೇ ತಿಂಗಳಲ್ಲಿ ಆಗಲಿಲ್ಲ, ಮಾವ ನಿಂತಿದ್ದ. ಒಂಬತ್ತರಲ್ಲಿ ಆಗಲಿಲ್ಲ, ನಿಂತೇ ಇದ್ದ. ಇನ್ನು ಹನ್ನೊಂದು ತಪ್ಪಿದರೆ ಮೂರನೇ ವರ್ಷಕ್ಕೇ. ಅಷ್ಟು ದಿನ ಕಾಯುವ ಎದೆ ಅವಳಿಗಿರಲಿಲ್ಲ. ಮಗುವಿಗೆ ಒಂದು ಸೀನು ಬಂದರೂ ರಾತ್ರಿಯೆಲ್ಲ ಅದರ ಮೂಗಿಗೆ ಬೆರಳಿಟ್ಟು ಉಸಿರು ನೋಡುತ್ತಿದ್ದಳು.

ಚುಚ್ಚುವವನು ಕೋರ್ಟಿನ ಎದುರಿಗೆ ಅಂಗಡಿ ಇಟ್ಟಿರುವ ಅಕ್ಕಸಾಲಿ ಮೋನಾಚಾರಿ. ಮುದುಕ, ಶಾಸ್ತ್ರದಲ್ಲಿ ಒಂದು ಕೂದಲೆಳೆ ಬಿಡದವನು. ನಿಂತ ಮಾವನ ತೊಡೆಗೆ ಒತ್ತಿ ಹಿಡಿದುಕೊಂಡರೆ ಆಗದೇ ಅಂತ ಅವಳು ಕೇಳಿದ್ದಕ್ಕೆ, ತೊಡೆ ಅಡ್ಡ ಇದ್ದರೆ ತೊಡೆ, ನೆಟ್ಟಗಿದ್ದರೆ ಅದು ಕಾಲು ಕಣಮ್ಮ ಅಂದ. ಮಾವ ಇಲ್ಲದ ಮನೆಯಲ್ಲಿ ತೆಂಗಿನಕಾಯಿಗೆ ಅರಿಶಿನ ಕುಂಕುಮ ಹಚ್ಚಿ ಅದನ್ನೇ ಮಾವ ಅಂದುಕೊಂಡು ಪಕ್ಕದಲ್ಲಿಟ್ಟು ಚುಚ್ಚುವುದುಂಟು, ಹಾಗೆ ಮಾಡೋಣ ಅಂತಲೂ ಹೇಳಿದ. ಚಿಕ್ಕತಾಯಮ್ಮ ಅಲ್ಲೇ ಕಣ್ಣು ತುಂಬಿಕೊಂಡಳು.

“ನಮ್ಮಣ್ಣ ಸತ್ತಿಲ್ಲ ಆಚಾರ್ರೇ. ಬದುಕಿರೋ ಅಣ್ಣನ ಜಾಗಕ್ಕೆ ತೆಂಗಿನಕಾಯಿ ಇಡಲಾ?”

ಸಣ್ಣೀರಪ್ಪ ಕೊನೆಗೆ ನನ್ನ ಹತ್ತಿರ ಬಂದ. ನಾಲ್ಕು ದಿನ, ಇಲ್ಲ ಒಂದೇ ದಿನ ಕೂರಲು ಬಿಡಿ ಅಂತ ಕೋರ್ಟಿಗೆ ಅರ್ಜಿ ಹಾಕಬಹುದೇ ಅಂತ ಕೇಳಿದ. ಹಾಕಬಹುದು. ಜಾಮೀನಿನಿಂದ ನನ್ನನ್ನು ಬಿಡಿಸಿ ಅಂತ ಕೇಳುವ ಹಕ್ಕು ಎಲ್ಲರಿಗೂ ಇದೆ, ಕಾನೂನಿನಲ್ಲಿ ಏನಿಲ್ಲ ಹೇಳಿ. ನಾನೇ ಬರೆಸಿ, ಸ್ಟಾಂಪು ಹಚ್ಚಿಸಿ ಹಾಕಿಸಿದೆ. ಸಾಹೇಬರು ಓದಿ ಮರುಗಿದರು. ಆದರೆ ಎದುರು ಪಕ್ಷದವರ ಮಾತು ಕೇಳದೆ ಆಜ್ಞೆ ಮಾಡುವುದು ನ್ಯಾಯವಲ್ಲವಲ್ಲ. ಸೀತಾಪತಿಯವರಿಗೆ ಬೆನ್ನುನೋವು. ಅರ್ಜಿಗೆ ವಾಯಿದೆ ಬಿತ್ತು. ಮಗು ಹನ್ನೊಂದು ತುಂಬಿ ಹನ್ನೆರಡಕ್ಕೆ ಕಾಲಿಡುವ ದಿನಕ್ಕಿಂತ ಮೂರು ವಾರ ಆಚೆಗೆ ಬಿತ್ತು.

ಸಾಹುಕಾರರ ಮನೆಗೂ ಹೋಗಿ ಬಂದ. ಅವರು ಉಯ್ಯಾಲೆಯಲ್ಲಿ ಕೂತಿದ್ದರಂತೆ. ಎಲ್ಲ ಕೇಳಿ, ಮಗುವಿಗೆ ಅಂತ ಒಂದು ಜೊತೆ ಚಿನ್ನದ ಮುರುವು ಕೊಡಿಸುತ್ತೇನೆ ಅಂದರಂತೆ. ಮುರುವು ಹಾಕೋಕೆ ತೂತು ಬೇಕಲ್ಲ ಬುದ್ಧಿ ಅಂದದ್ದಕ್ಕೆ, ನೀನೊಬ್ಬ ಕೂತರೆ ನಲವತ್ತಮೂರಾಗುತ್ತದೆ, ಇಪ್ಪತ್ತೈದು ಲಕ್ಷದಷ್ಟು ನಾನು ಒಳಗೆ ಹೋಗಬೇಕಾಗುತ್ತದೆ, ಮನುಷ್ಯ ಸ್ವಲ್ಪ ಸ್ವಲ್ಪವೇ ಒಳಗೆ ಹೋಗಲು ಬರುತ್ತದೆಯೇ ನೀನೇ ಹೇಳು ಅಂತ ಬಹಳ ಪ್ರೀತಿಯಿಂದ ತಿಳಿಸಿ ಹೇಳಿದರಂತೆ. ಇವನಿಗೆ ಹೌದೆನ್ನಿಸಿತು. ವಾಪಸು ಬಂದು ನನಗೂ ಅದನ್ನೇ ಹೇಳಿದ. ನಾನು ತಲೆ ಚಚ್ಚಿಕೊಂಡೆ.

ಆ ಸಂಜೆ ಚಿಕ್ಕತಾಯಮ್ಮ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದಳು. ರಂಗಧಾಮಣ್ಣ, ಸಾಹುಕಾರ್ರ ಹೆಸರು ಕೂಗೋ ದಿನ ನಿಮ್ಮ ಗಂಟಲು ಒಂಚೂರು ಕಟ್ಟಬಾರದಾ ಅಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೂವತ್ತೊಂದು ವರ್ಷ ಜ್ವರ ಬಂದಾಗಲೂ ಶುಂಠಿ ಕಷಾಯ ಕುಡಿದು ಕೂಗಿದವನು ನಾನು, ನನ್ನ ಹೆಂಡತಿ ಸತ್ತ ಹದಿಮೂರನೇ ದಿನ ಹೋಗಿ ಕೂಗಿದವನು, ನನ್ನ ಹತ್ತಿರ ಇಂಥ ಮಾತು ಆಡುತ್ತೀಯಾ ಅಂತ ರೇಗಿದೆ. ಅವಳು ತಪ್ಪಾಯ್ತು ಅಂತ ಹೇಳಿ ಹೋದಳು. ಹೋದ ಮೇಲೆ ನನಗೆ ಅನ್ನ ಸೇರಲಿಲ್ಲ.

ಹದಿನೈದನೆಯ ವಾಯಿದೆ ಬಂತು. ಅದೇ ದಿನ ಹನ್ನೊಂದೂವರೆಗೆ ಮೋನಾಚಾರಿಯ ಅಂಗಡಿಯಲ್ಲಿ ಮುಹೂರ್ತ ಇಟ್ಟುಕೊಂಡಿದ್ದರು, ಹನ್ನೊಂದನೇ ತಿಂಗಳಲ್ಲಿ ಅದೇ ಕೊನೆಯ ಒಳ್ಳೆಯ ದಿನ. ಅಣ್ಣ ತಂಗಿ ಸೇರಿ ಒಂದು ಉಪಾಯ ಹೂಡಿದ್ದರು. ಒಂದು ದೊಡ್ಡ ಹಲಗೆಯನ್ನು ಅಂಗಡಿಯ ಗೋಡೆಗೆ ಓರೆಯಾಗಿ ಒರಗಿಸಿ, ಅದರ ಮೇಲೆ ಸಣ್ಣೀರಪ್ಪ ಬೆನ್ನು ಕೊಟ್ಟು ಮಲಗಿದ ಹಾಗೂ ಅಲ್ಲ, ನಿಂತ ಹಾಗೂ ಅಲ್ಲದ ಭಂಗಿಯಲ್ಲಿ ಇರುವುದು. ಆಗ ತೊಡೆ ಅರ್ಧ ಅಡ್ಡವಾಗುತ್ತದೆ. ಅರ್ಧ ಅಡ್ಡವಾದರೆ ಅರ್ಧ ತೊಡೆಯಾಯಿತಲ್ಲ ಅಂತ ಅವರ ವಾದ. ಮೋನಾಚಾರಿ ಪಂಚಾಂಗ ತಿರುವಿ ಹಾಕಿ, ಮಗು ಜಾರದೆ ಕೂತರೆ ಒಪ್ಪುತ್ತೇನೆ ಅಂದಿದ್ದ.

ಹನ್ನೊಂದೂವರೆಯ ಹೊತ್ತಿಗೆ ಸರಿಯಾಗಿ ಒಳಗಿನಿಂದ ಕುಬೇರಪ್ಪನವರ ಕೇಸು ಅಂತ ಸನ್ನೆ ಬಂತು. ನಾನು ಬಾಗಿಲಿಗೆ ಬಂದು ನಿಂತೆ. ಎಡಗಡೆ ಜಗಲಿಯಲ್ಲಿ ಸಾಹುಕಾರರು ಒರಗು ಕುರ್ಚಿಯಲ್ಲಿ ಪೇಪರು ಓದುತ್ತಿದ್ದರು. ಎದುರಿಗೆ, ರಸ್ತೆಯ ಆಚೆ, ಮೋನಾಚಾರಿಯ ಅಂಗಡಿ. ಹಲಗೆಯ ಮೇಲೆ ಸಣ್ಣೀರಪ್ಪ. ಇಬ್ಬರು ಅವನ ಹೆಗಲು ಹಿಡಿದಿದ್ದರು, ಒಬ್ಬ ಹಲಗೆ ಜಾರದಂತೆ ಕಲ್ಲು ಕೊಟ್ಟಿದ್ದ. ಚಿಕ್ಕತಾಯಮ್ಮ ಮಗುವನ್ನು ಅವನ ತೊಡೆಯ ಮೇಲೆ ಇಡುವಳು, ಅದು ಜರ್ರನೆ ಜಾರಿ ಅವನ ಪಾದದ ಹತ್ತಿರ ಬರುವುದು. ಮತ್ತೆ ಎತ್ತಿ ಇಡುವಳು.

ಕುಬೇರಪ್ಪಾ ಅಂತ ಒಂದು ಕೂಗಿದೆ. ಎಂದಿನ ಕೂಗು, ಕೆರೆಯ ಆಚೆಗೂ ಕೇಳುವಂಥದ್ದು. ಸಾಹುಕಾರರು ಪುಟ ತಿರುಗಿಸಿದರು. ಆಚೆ ಮಗು ಮತ್ತೆ ಜಾರಿತು. ನೋಡಲು ನಿಂತಿದ್ದ ಜನ ನಗುತ್ತಿದ್ದರು. ಅವರದೇನೂ ತಪ್ಪಿಲ್ಲ, ನೋಡಿದರೆ ನಗು ಬರುವಂತೆಯೇ ಇತ್ತು. ಎರಡನೆಯದನ್ನು ಕೂಗಿದೆ. ಸಾಹುಕಾರರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದರು. ಈ ಸಲ ಮಗು ಜಾರಿದಾಗ ಸಣ್ಣೀರಪ್ಪ ಅದನ್ನು ಹಿಡಿಯಲು ಬಗ್ಗಿದ, ಮಂಡಿ ಬಗ್ಗಲಿಲ್ಲ, ಕೈ ಒಂದು ಗೇಣು ಸಾಲದೆ ಹೋಯಿತು. ಮಗು ಮುಖ ಅಡಿಯಾಗಿ ಬಿತ್ತು. ಅಂಥ ಏಟೇನಲ್ಲ, ಅಳಲು ಉಸಿರು ಎಳೆದುಕೊಂಡಿತು. ಆದರೆ ಚಿಕ್ಕತಾಯಮ್ಮ ಅದನ್ನು ಎತ್ತಿಕೊಂಡು ಮೂಗಿಗೆ ಬೆರಳಿಟ್ಟು ನೋಡಿದಳು. ಹಲಗೆಯ ಮೇಲಿದ್ದವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ನಾನು ಮೂರನೆಯ ಸಲ ಕುಬೇರಪ್ಪ ಅಂದೆ. ದೇವರ ಮುಂದೆ ಮಂತ್ರ ಹೇಳಿಕೊಳ್ಳುವಾಗ ತುಟಿ ಆಡುತ್ತದಲ್ಲ, ಅಷ್ಟು. ಅಂದಿದ್ದು ಮಾತ್ರ ನಿಜ. ಎಷ್ಟು ಗಟ್ಟಿಯಾಗಿ ಅನ್ನಬೇಕು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ, ಮೂರು ಸಲ ಅಂತ ಮಾತ್ರ ಇದೆ. ಸಾಹುಕಾರರು ಇನ್ನೂ ಕನ್ನಡಕ ಒರೆಸುತ್ತಲೇ ಇದ್ದರು. ನಾನು ಒಳಗೆ ಬಂದು ಇಲ್ಲ ಸ್ವಾಮಿ ಅಂದೆ. ಗುಮಾಸ್ತರು ತಲೆ ಎತ್ತದೆ, ಮೂರು ಸಲ ಕೂಗಲಾಗಿ ಹಾಜರಿಲ್ಲ ಅಂತ ಬರೆದರು. ಸಾಹೇಬರು ರುಜು ಹಾಕಿದರು.

ಆಮೇಲೆ ಆದದ್ದನ್ನು ಊರು ಇವತ್ತಿಗೂ ಹೇಳಿಕೊಂಡು ನಗುತ್ತದೆ. ನಲವತ್ತನಾಲ್ಕು ಜನ ಎಲ್ಲೆಲ್ಲಿ ಇದ್ದರೋ ಅಲ್ಲಲ್ಲೇ ಕುಕ್ಕರಿಸಿದರು. ಒಬ್ಬ ಸಂತೆಯಲ್ಲಿ ಟೊಮೇಟೊ ರಾಶಿಯ ಮೇಲೆ ಕೂತ. ಒಬ್ಬಳು ರುಬ್ಬಿಟ್ಟ ದೋಸೆ ಹಿಟ್ಟಿನ ಪಾತ್ರೆಯಲ್ಲಿ ಕೂತಳು. ಅರ್ಧ ಚಾರ್ಜು ಕೊಟ್ಟಿದ್ದವನೊಬ್ಬ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಮೇಲೆ ಕೂತು, ಅವಳಿಂದ ಏಟೂ ತಿಂದು, ಕಂಡಕ್ಟರಿಗೆ ಉಳಿದರ್ಧ ಚಾರ್ಜೂ ತೆತ್ತ. ನಾನು ಮತ್ತೆ ಬಾಗಿಲಿಗೆ ಬಂದು ನೋಡಿದೆ. ಸಣ್ಣೀರಪ್ಪ ಹಲಗೆಯಿಂದ ಜಾರಿ ನೆಲಕ್ಕೆ ಬಂದಿದ್ದ. ತನ್ನ ಎರಡು ಮಂಡಿಗಳನ್ನೂ ಯಾರದ್ದೋ ಎನ್ನುವಂತೆ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಆಮೇಲೆ ಚಕ್ಕಂಬಕ್ಕಳ ಹಾಕಿದ. ಚಿಕ್ಕತಾಯಮ್ಮ ಮಗುವನ್ನು ತಂದು ಅವನ ತೊಡೆಯ ಮೇಲೆ ಕೂರಿಸಿದಳು. ಅದು ಕೂತಿತು. ಮೋನಾಚಾರಿ ತಡಮಾಡದೆ ಒಂದು, ಎರಡು ಅಂತ ಚುಚ್ಚಿಬಿಟ್ಟ. ಮಗು ಕಿರುಚಿದ ಕಿರುಚಿಗೆ ಕೋರ್ಟಿನ ಪಾರಿವಾಳ ಎದ್ದವು. ಮಾವ ಅದಕ್ಕಿಂತ ಜೋರಾಗಿ ಅಳುತ್ತಿದ್ದ. ನನಗೂ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಸಾಹುಕಾರರ ಕಡೆ ಗಲಾಟೆ ಎದ್ದಿತು. ಜಗಲಿಯಲ್ಲೇ ಕೂತಿದ್ದವರನ್ನು ಹಾಜರಿಲ್ಲ ಅಂದರೆ ಹೇಗೆ ಅಂತ ಸೀತಾಪತಿಯವರು ಬೆನ್ನುನೋವು ಮರೆತು ಓಡಿ ಬಂದರು. ಬರೆದದ್ದು ಬರೆದಾಗಿತ್ತು. ಸಾಹುಕಾರರನ್ನು ಒಳಗೆ ಕರೆದುಕೊಂಡು ಹೋದರು, ಊಟದ ಹೊತ್ತು ಕಳೆದ ಮೇಲೆ ಹೊಸ ಜಾಮೀನು ಅರ್ಜಿ ವಿಚಾರಣೆಗೆ ಬಂತು. ಸಾಹೇಬರು ಈ ಸಲ ಮುಕ್ಕಾಲು ಗಂಟೆ ಮಾತಾಡಿದರು. ಕರೆದಾಗ ಓಗೊಡದಿರುವುದು ಅಂದರೆ ದೇಶವೇ ಕರೆದಾಗ ಓಗೊಡದ ಹಾಗೆ ಅಂದರು. ಆದಾಗ್ಯೂ ಅಂದರು. ಕಾರು ಸ್ಟಾರ್ಟ್ ಆಯಿತು. ಐವತ್ತು ಜನ ನಿಲ್ಲಬೇಕು ಅಂತ ಆಯಿತು, ನಾಲ್ಕು ಗಂಟೆಗೆ ಐವತ್ತು ಜನ ಸಾಲುಗಟ್ಟಿದ್ದರು. ಬೆಳಿಗ್ಗೆ ಕುಕ್ಕರಿಸಿದವರಲ್ಲಿ ಹತ್ತೊಂಬತ್ತು ಜನ ಅದರಲ್ಲೂ ಇದ್ದರು. ಕೂತು ಅಭ್ಯಾಸ ತಪ್ಪಿಹೋಗಿದೆ, ಸೊಂಟ ಹಿಡಿಯುತ್ತದೆ ಅಂದರು.

ನನ್ನನ್ನು ಹಿಡಿಯಲು ಎರಡು ದಿನ ಬೇಕಾಯಿತು, ಯಾವ ಕಲಮಿನಲ್ಲಿ ಹಿಡಿಯಬೇಕು ಅಂತ ಗೊತ್ತಾಗಲಿಲ್ಲ. ಕೊನೆಗೆ ಸೀತಾಪತಿಯವರೇ ಹುಡುಕಿ ಕೊಟ್ಟರು. ದಫೇದಾರನ ಧ್ವನಿ ಅವನದಲ್ಲ, ಸಂಬಳ ಕೊಡುವ ಸರ್ಕಾರದ್ದು. ಮೂರನೆಯ ಕೂಗಿನಲ್ಲಿ ಸರ್ಕಾರಕ್ಕೆ ಸಲ್ಲಬೇಕಾದ ಧ್ವನಿಯನ್ನು ಬಚ್ಚಿಟ್ಟುಕೊಂಡು, ಪೂರ್ತಿ ಸಲ್ಲಿಸಿದ್ದೇನೆ ಅಂತ ಸುಳ್ಳು ಹೇಳಿದ್ದಾನೆ. ಇದು ತೆರಿಗೆ ವಂಚನೆಯಲ್ಲದೆ ಮತ್ತೇನು ಅಂದರು. ಸಾಹೇಬರಿಗೂ ಹಾಗೇ ಕಂಡಿತು. ನನ್ನ ಬಗ್ಗೆ ಒಂದು ಗಂಟೆ ಮಾತಾಡಿದರು. ಬಡವನೇ ವಂಚಿಸಿದರೆ ಸಾಹುಕಾರನಿಗೆ ಬುದ್ಧಿ ಹೇಳುವವರು ಯಾರು ಅಂದರು. ನಾನು ಆ ಮಾತಿಗಾಗಿ ಕಾದೆ, ಕಾದೆ. ಕೊನೆಯಲ್ಲಿ ಆದಾಗ್ಯೂ ಬಂತು, ಮೂವತ್ತೊಂದು ವರ್ಷದ ಋಣಕ್ಕೆ. ಒಬ್ಬರು ನಿಲ್ಲಲಿ ಅಂದರು.

ನನಗಿರುವುದು ಒಬ್ಬ ತಮ್ಮ, ಇಬ್ಬರು ಅಳಿಯಂದಿರು. ತಮ್ಮ ಸೂರಿನ ತೊಲೆ ಎಣಿಸುತ್ತಿದ್ದ. ಅಳಿಯಂದಿರಲ್ಲಿ ಒಬ್ಬನಿಗೆ ಆಫೀಸಿನಲ್ಲಿ ಕೂತು ಮಾಡುವ ಕೆಲಸ, ಇನ್ನೊಬ್ಬನಿಗೆ ಮೂಲವ್ಯಾಧಿ. ಕೂರುವುದಕ್ಕಾಗದವನು ನಿಂತರೆ ಏನು ನಷ್ಟವೋ ನಾನು ಕೇಳಲಿಲ್ಲ. ನನ್ನ ಜಾಗಕ್ಕೆ ಬಂದ ಹೊಸ ದಫೇದಾರ, ನನ್ನದೇ ರುಮಾಲು ಸುತ್ತಿಕೊಂಡವನು, ರಂಗಧಾಮಯ್ಯನಿಗೆ ನಿಲ್ಲುವವರು ಯಾರು ಅಂತ ಒಂದು ಸಲ ಕೂಗಿದ. ಹಿಂದಿನ ಬೆಂಚಿನಿಂದ ಯಾರೋ ಎದ್ದರು. ತಿರುಗಿ ನೋಡಿದರೆ ಸಣ್ಣೀರಪ್ಪ. ತೊಡೆಯ ಮೇಲಿದ್ದ ಮಗುವನ್ನು ಎತ್ತಿ ತಂಗಿಯ ಕೈಗೆ ಕೊಡುತ್ತಿದ್ದ. ಅದರ ಕಿವಿಯ ತೂತಿನಲ್ಲಿ ಇನ್ನೂ ಅರಿಶಿನ ಹಚ್ಚಿದ ದಾರ ಇತ್ತು.

ಬೇಡ ಅಂದೆ. ನಿನಗೇನು ಹುಚ್ಚೇ, ಮೊನ್ನೆ ತಾನೇ ಕೂತಿದ್ದೀಯ ಅಂದೆ. ಅವನು ನನ್ನ ಪಕ್ಕಕ್ಕೆ ಬಂದು ಇಂಕಿನ ಮೇಲೆ ಹೆಬ್ಬೆಟ್ಟು ಇಟ್ಟ.

“ಮಗೀಗೆ ಬೇಕಾಗಿದ್ದು ಒಂದು ಗಳಿಗೆ ತೊಡೆ ಕಣಣ್ಣ. ಅದು ಸಿಕ್ತು. ಇನ್ನು ನಿಂತ್ರೇನು, ಕೂತ್ರೇನು.”

ಇನ್ನೊಂದು ಸಲ ಬೇಡ ಅನ್ನಬೇಕಾಗಿತ್ತು ನಾನು. ಅವನ ಕೈ ಹಿಡಿದು ಎಳೆಯಬೇಕಾಗಿತ್ತು. ಕೋರ್ಟಿಗೆ ಅಂಟಿಕೊಂಡ ಜೈಲಿನ ಬಾಗಿಲಿನ ಆಚೆ ಚೊಂಬು ಕದ್ದ ಹಾಲಪ್ಪ ಎರಡನೇ ವರ್ಷ ಕಳೆಯುತ್ತಿದ್ದ, ಅವನ ಕೆಮ್ಮು ಇಲ್ಲಿಗೆ ಕೇಳುತ್ತಿತ್ತು. ನನಗೆ ಭಯವಾಯಿತು. ಅವನು ಹೆಬ್ಬೆಟ್ಟು ಒತ್ತಿದ.

ಇದುವರೆಗೆ ನನ್ನ ಕೇಸಿಗೆ ಒಂಬತ್ತು ವಾಯಿದೆ ಬಿದ್ದಿವೆ. ನಾನು ಮೊದಲ ಕೂಗಿಗೇ ಇದ್ದೀನಿ ಸ್ವಾಮಿ ಅಂತ ಓಡುತ್ತೇನೆ, ಆದರೂ ಕೇಸು ಮುಂದಕ್ಕೆ ಹೋಗುವುದಿಲ್ಲ. ಕೆಲಸ ಹೋಗಿದೆ, ಹಗಲೆಲ್ಲ ಸಣ್ಣೀರಪ್ಪನ ಕೊಟ್ಟಿಗೆಯಲ್ಲೇ ಇರುತ್ತೇನೆ. ಮಗು ಅವನ ಕಾಲು ಹಿಡಿದುಕೊಂಡು ಎದ್ದು ನಿಲ್ಲಲು ಕಲಿತು, ಈಗ ಓಡುತ್ತದೆ. ಅವನು ಚೌಕಟ್ಟನ್ನು ತೂಗುಹಾಕಿಕೊಂಡು ಹೆಣೆಯುತ್ತಾನೆ, ನಾನು ಕೆಳಗಿನಿಂದ ಬೆತ್ತ ಬಿಗಿಹಿಡಿಯುತ್ತೇನೆ. ಅವನು ನಿಂತಿರುವಾಗ ಕೂರಲು ನನಗೆ ಮನಸ್ಸು ಬರುವುದಿಲ್ಲ, ನಾನೂ ನಿಂತೇ ಹಿಡಿಯುತ್ತೇನೆ. ಅರವತ್ತು ದಾಟಿದ ಕಾಲು, ಮಧ್ಯಾಹ್ನದ ಹೊತ್ತಿಗೆ ನಡುಗತೊಡಗುತ್ತದೆ. ಆಗ ಅವನು ಕೈಯಲ್ಲಿದ್ದ ಕುರ್ಚಿಯನ್ನು ಇಳಿಸಿ ನನ್ನ ಹಿಂದೆ ಇಟ್ಟು ರೇಗುತ್ತಾನೆ.

“ಕೂತ್ಕೊಳಿ ರಂಗಧಾಮಣ್ಣ. ನೀವೂ ನಿಂತ್ರೆ ನಾನು ನಿಂತಿರೋದು ಯಾಕೆ ಮತ್ತೆ?”

ನಾನು ಕೂರುತ್ತೇನೆ.